ಕೌದಿಯಲ್ಲೂ ಒಂದು ಇತಿಹಾಸ

ಇತಿಹಾಸ ಎಂದ ಕೂಡಲೇ ನಮ್ಮ ಮಕ್ಕಳಿಗೆ ರಾಜರು, ಯುದ್ಧಗಳು, ಇಸವಿಗಳು ನೆನಪಾಗುತ್ತವೆ. ಆದರೆ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಹಳೆಯ ಮನೆಗಳಲ್ಲಿ ಮಡಚಿಟ್ಟ ಇತಿಹಾಸವೊಂದಿದೆ. ಅದೇ ಕೌದಿ.

ನಾವು ಕೌದಿ ಎನ್ನುವುದನ್ನು ನೆರೆಮನೆಯ ಮರಾಠಿಯವರು ಗೋಧಡಿ, ವಾಕಳ ಎನ್ನುತ್ತಾರೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರಿಗೆ ಅದು ಕವಂದಿ. ತೇಪೆ ಹಚ್ಚಿದ ಬಟ್ಟೆಗೆ ಸಂಸ್ಕೃತದಲ್ಲಿ ಕಂಥಾ ಎನ್ನುತ್ತಾರೆ. ಬಂಗಾಳದ ಕಾಂಥಾ, ನಮ್ಮ ಕಂತೆ ಎರಡೂ ಅದೇ ಮಾತಿನಿಂದ ಬಂದವು. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯ ಎರಡು ಪದಗಳಿಗೂ ಇಂಥ ತೇಪೆಯ ಹೊದಿಕೆ ಎಂಬ ಅರ್ಥವಿದೆ.

1956ರಲ್ಲಿ ಭಾಷಾವಾರು ಪ್ರಾಂತ್ಯಗಳಾದಾಗ ವಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತು, ಅಕ್ಕಲಕೋಟ ಮುಂಬಯಿ ರಾಜ್ಯದಲ್ಲೇ ಉಳಿಯಿತು. ನಕಾಶೆಯಲ್ಲಿ ಗೆರೆ ಬಿತ್ತು. ಕೌದಿಗೆ ಮಾತ್ರ ಗಡಿಯ ಎರಡೂ ಬದಿಗೆ ಹೆಸರು ಒಂದೇ, ಹೊಲಿಗೆಯೂ ಒಂದೇ.

ಕೌದಿ ಮಾಡುವ ರೀತಿ ಹೀಗೆ. ನೆಲದ ಮೇಲೆ ಹಳೆಯ ಸೀರೆಯೊಂದನ್ನು ಹಾಸಿ, ಅದರ ಮೇಲೆ ಹರಿದ ಧೋತರ, ಅಂಗಿ, ಲಂಗಗಳನ್ನು ಪದರಪದರವಾಗಿ ಹರಡುತ್ತಾರೆ. ಮೇಲ್ಭಾಗಕ್ಕೆ ಬಣ್ಣಬಣ್ಣದ ತುಂಡುಗಳು. ಬಟ್ಟೆ ಸರಿಯದಂತೆ ಮೂಲೆಗೊಂದು ಕಲ್ಲು. ಅಂಚಿನಿಂದ ಹಿಡಿದು ಸುತ್ತುಸುತ್ತಾಗಿ ಒಳಕ್ಕೆ ದಪ್ಪ ದಾರದ ಹೊಲಿಗೆ. ಹಳೆಯ ಕೌದಿ ಸವೆದರೆ ಎಸೆಯುವುದಿಲ್ಲ, ಹೊಸ ಕೌದಿಯ ಒಳಗೆ ಅದೇ ಪದರವಾಗುತ್ತದೆ.

ಹೀಗಾಗಿ ಪದರ ಬಿಚ್ಚಿದರೆ ಕಾಲವೇ ಬಿಚ್ಚಿಕೊಳ್ಳುತ್ತದೆ. ಒಂದೆಡೆ ಇಳಕಲ್ಲ ಸೀರೆಯ ಕೆಂಪು ಸೆರಗು, ಇನ್ನೊಂದೆಡೆ ಗಿರಣಿ ಬಟ್ಟೆ. ಸೊಲ್ಲಾಪುರದಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾದದ್ದು 1877ರಲ್ಲಿ. ಎರಡನೆಯ ಮಹಾಯುದ್ಧದ ಹೊತ್ತಿಗೆ ಬಟ್ಟೆಯ ಅಭಾವ ಎಷ್ಟಿತ್ತೆಂದರೆ 1943ರಲ್ಲಿ ಸರಕಾರ ಬಟ್ಟೆಗೂ ಕಂಟ್ರೋಲು ತಂದಿತು. ಅಂಥ ದಿನಗಳಲ್ಲಿ ಚಿಂದಿಯೂ ಆಸ್ತಿಯೇ. ಮುಂದೆ ನೈಲಾನ್, ಪಾಲಿಯೆಸ್ಟರ್ ಸೀರೆಗಳು ಬಂದವು. ಅವು ಬೆವರು ಹೀರುವುದಿಲ್ಲ, ಹತ್ತಿಯಂತೆ ಮೈಗೆ ಒಗ್ಗುವುದೂ ಇಲ್ಲ. ಅಂಗಡಿಯ ರಗ್ಗು ಅಗ್ಗವಾಯಿತು. ಕೌದಿ ಹೊಲಿಯುವ ಕೈಗಳೂ ಕಡಿಮೆಯಾದವು.

ಕೌದಿಯನ್ನು ಜೋಪಾನ ಮಾಡುವುದಕ್ಕೂ ಒಂದು ರೂಢಿಯಿದೆ. ನವರಾತ್ರಿಯ ಘಟ ಹಾಕುವ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುತ್ತಾರೆ. ನೆನೆದ ಕೌದಿ ಒಬ್ಬರಿಗೆ ಎತ್ತಲಾಗದಷ್ಟು ಭಾರ, ಹಿಂಡಲು ಇಬ್ಬರು ಬೇಕು. ಒಳಪದರ ಹಸಿ ಉಳಿದರೆ ಮುಗ್ಗುತ್ತದೆ, ಆದ್ದರಿಂದ ಎರಡೂ ಮಗ್ಗಲು ಬಿಸಿಲಿಗೆ ತಿರುವಿ ಒಣಗಿಸಬೇಕು. ಮಡಿಕೆಯ ನಡುವೆ ಒಣಗಿದ ಬೇವಿನ ಎಲೆ ಇಟ್ಟರೆ ಹುಳದ ಕಾಟ ಕಡಿಮೆ. ಹೊಲಿಗೆ ಬಿಟ್ಟಲ್ಲಿ ಕೂಡಲೇ ಹಾಕಿದರೆ ತೇಪೆ ಉಳಿಯುತ್ತದೆ.

ಕೌದಿಯನ್ನು ಉಳಿಸಬಹುದು, ಅದರ ಕತೆಯನ್ನು ಉಳಿಸುವುದು ಕಷ್ಟ. ಈ ತುಂಡು ಯಾರ ಮದುವೆಯ ಸೀರೆ, ಆ ತುಂಡು ಯಾವ ಮಗುವಿನ ಕುಂಚಿಗೆ ಎಂದು ಹೇಳಬಲ್ಲವರು ಮನೆಯ ಅಜ್ಜಿಯರು ಮಾತ್ರ. ಅವರು ಅದನ್ನು ಹೇಳುವುದು ಕನ್ನಡದಲ್ಲಿ. ಸೆರಗು, ದಡಿ, ಕುಂಚಿಗೆ, ಕುಪ್ಪಸ ಎಂಬ ಮಾತುಗಳು ನಮ್ಮ ಮಕ್ಕಳಿಗೆ ಪಠ್ಯಪುಸ್ತಕಕ್ಕಿಂತ ಮೊದಲು ಸಿಗುವುದು ಅಲ್ಲೇ.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ಮನೆಯ ಕೌದಿಯನ್ನು ಅಂಗಳದಲ್ಲಿ ಹರಡಿ, ಅಜ್ಜಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದೊಂದೇ ತುಂಡಿನ ಬಗ್ಗೆ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ. ನಿಮ್ಮ ಊರಿನ ಇತಿಹಾಸದ ಮೊದಲ ಪುಟ ಅದೇ ಆದೀತು.