ಪೊಟ್ಟಣದ ಶಾವಿಗೆಯ ಪೂರ್ವಕಥೆ

ಮೊಮ್ಮಗನು ಜಪಾನ್, ಕೊರಿಯ, ಇಂಡೊನೇಷ್ಯಗಳ ದಿಢೀರ್ ನೂಡಲ್ಸ್ ತಂದು, "ತಾತ, ಹತ್ತಕ್ಕೆ ಎಷ್ಟೆಷ್ಟು ಅಂಕ?" ಎಂದು ಕೇಳಿದನು. ಜೀವಮಾನವಿಡೀ ಉತ್ತರಪತ್ರಿಕೆ ತಿದ್ದಿದ ಕೈ, ಒಲ್ಲೆನೆನ್ನಲಾದೀತೆ?

ಜಪಾನಿನ ಚಿಕನ್ ರಾಮೆನ್ ಇವೆಲ್ಲಕ್ಕೂ ಹಿರಿಯಣ್ಣ. ಯುದ್ಧಾನಂತರದ ಒಸಾಕಾದಲ್ಲಿ ಒಂದು ಬಟ್ಟಲು ರಾಮೆನ್‌ಗಾಗಿ ಚಳಿಯಲ್ಲಿ ಸಾಲುಗಟ್ಟಿದ್ದ ಜನರನ್ನು ಮೊಮೊಫುಕು ಆಂಡೊ ಕಂಡಿದ್ದರು. ಮುಂದೆ ವ್ಯವಹಾರದಲ್ಲಿ ಸರ್ವಸ್ವವನ್ನೂ ಕಳೆದುಕೊಂಡು, ಇಕೆಡಾದ ತಮ್ಮ ಮನೆಯ ಹಿತ್ತಲ ಗುಡಿಸಲಿನಲ್ಲಿ ಪ್ರಯೋಗಕ್ಕೆ ತೊಡಗಿದರು. ಬೇಯಿಸಿದ ಎಳೆಗಳನ್ನು ಎಣ್ಣೆಯಲ್ಲಿ ಕರಿದರೆ ನೀರಿನಂಶವು ಆವಿಯಾಗಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಬಿಸಿನೀರು ಆ ರಂಧ್ರಗಳ ಮೂಲಕವೇ ಒಳಹೊಕ್ಕು ಎಳೆಯನ್ನು ಮೆತ್ತಗಾಗಿಸುತ್ತದೆ. (ಸಂಡಿಗೆ ಕರಿಯುವ ನಮ್ಮ ಮನೆಯಾಕೆಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.) 1958ರ ಆಗಸ್ಟ್ 25ರಂದು ಅದು ಮಾರಾಟಕ್ಕೆ ಬಂದಾಗ ಬೆಲೆ 35 ಯೆನ್. ಅಂಗಡಿಯ ತಾಜಾ ನೂಡಲ್ಸ್ ಅದಕ್ಕಿಂತ ಎಷ್ಟೋ ಅಗ್ಗವಾಗಿತ್ತು! ಹಸಿದವರಿಗಾಗಿ ಹುಟ್ಟಿದ್ದು ಮೊದಲು ಉಳ್ಳವರ ಕೈ ಸೇರಿತೆನ್ನಬೇಕು.

ಕೊರಿಯದ ಹಸಿವು ಇನ್ನೂ ಘೋರವಾದದ್ದು. ಅಮೆರಿಕದ ಸೇನಾ ಶಿಬಿರಗಳ ಎಂಜಲನ್ನು ಕುದಿಸಿದ ಗಂಜಿಗಾಗಿ ಸೋಲ್ ನಗರದ ನಮ್ದೇಮುನ್ ಮಾರುಕಟ್ಟೆಯಲ್ಲಿ ಜನರು ಸಾಲುನಿಂತದ್ದನ್ನು ಜೊನ್ ಜುಂಗ್-ಯೂನ್ ನೋಡಿದರು. ಜಪಾನಿನಿಂದ ಯಂತ್ರಗಳನ್ನು ತರಿಸಿ 1963ರಲ್ಲಿ ಸಾಮ್ಯಾಂಗ್ ರಾಮ್ಯನ್ ಹೊರತಂದರು. ಬೆಲೆ 10 ವಾನ್. ಆ ಮೊದಲ ಪೊಟ್ಟಣದಲ್ಲಿ ಈಗಿನ ಖಾರವಿರಲಿಲ್ಲ, ಜಪಾನಿನದೇ ಕೋಳಿಸಾರಿನ ರುಚಿ. ಖಾರಕ್ಕೇ ಹೆಸರಾದ ಶಿನ್ ರಾಮ್ಯನ್ ಬಂದದ್ದು 1986ರಲ್ಲಿ.

ಸಾರಿಲ್ಲದ, ಸಿಹಿ ಸೋಯಾ ರಸದ ಇಂಡೊನೇಷ್ಯದ ಮೀ ಗೊರೆಂಗ್‌ಗೆ 9 ಕೊಟ್ಟೆನು. ಜಪಾನಿನದಕ್ಕೆ ಉಪ್ಪಿನ ದೆಸೆಯಿಂದ 6. ಕಣ್ಣಲ್ಲಿ ನೀರು ತರಿಸಿದ ಕೊರಿಯದ್ದಕ್ಕೆ 7 ಬರೆದು, ಗಂಜಿಯ ಸಾಲು ನೆನಪಾಗಿ ಒಂದು ಕೃಪಾಂಕ ಸೇರಿಸಿದೆನು.