ಹಂಚು ಮಾಡಲು ಕಲಿಸಿದರು, ಕಾರ್ಖಾನೆ ಕೀಲಿಕೈ ಕೊಡಲಿಲ್ಲ

ಯುರೋಪಿನಲ್ಲಿ ಈಚೆಗೆ ಒಂದು ಮಾತು ತುಂಬಾ ಕೇಳಿಬರುತ್ತದೆ: ವಲಸೆ ಬಂದವರಿಗೆ ಬರೀ ಕೆಲಸ ಕೊಟ್ಟರೆ ಸಾಲದು, ಅವರನ್ನೇ ಉದ್ಯಮಿಗಳನ್ನಾಗಿ ಮಾಡಬೇಕು. 2013ರಲ್ಲಿ ಯುರೋಪಿಯನ್ ಕಮಿಷನ್ ಉದ್ಯಮಶೀಲತೆಗೆ ಅಂತ ಒಂದು ಕ್ರಿಯಾಯೋಜನೆ ತಂತು. ಅದರಲ್ಲಿ ವಲಸಿಗರ ಹೆಸರು ಬಿಡಿಸಿ ಹೇಳಿತ್ತು. ಅದಕ್ಕೆ ತಕ್ಕ ಹಾಗೆ ನಾಲ್ಕೈದು ದೇಶದ ಸಂಸ್ಥೆಗಳು ಸೇರಿಕೊಂಡು ಕೋರ್ಸ್ ಮಾಡುತ್ತವೆ, ಮೆಂಟರ್ ಕೊಡುತ್ತವೆ, ಇನ್‌ಕ್ಯುಬೇಟರಿನಲ್ಲಿ ಒಂದು ಮೇಜು ಕೊಡುತ್ತವೆ. ನಮ್ಮ ಬೆಂಗಳೂರಿನ ಸ್ಟಾರ್ಟಪ್ ಭಾಷೆಯೇ, ಜಾಗ ಮಾತ್ರ ಬೇರೆ.

ಆನ್‌ಸೈಟ್ ಅಂತ ಎರಡು ವರ್ಷ ಸ್ಟುಟ್‌ಗಾರ್ಟ್‌ನಲ್ಲಿದ್ದಾಗ ಇದನ್ನು ಹತ್ತಿರದಿಂದ ಕಂಡೆ. ನನ್ನ ಮನೆಯ ಕೆಳಗಿನ ಬೇಕರಿಯಲ್ಲಿ ಸಿರಿಯಾದ ಒಬ್ಬ ಕೆಲಸಕ್ಕಿದ್ದ. ಇಂಥ ಮೂರು ಕೋರ್ಸ್ ಮುಗಿಸಿದ್ದ, ಮೂರು ಸರ್ಟಿಫಿಕೇಟ್ ಇತ್ತು. "ರೊಟ್ಟಿ ಮಾಡಲಿಕ್ಕೆ ನನಗೆ ಮೊದಲೇ ಬರುತ್ತಿತ್ತು. ಬಿಸಿನೆಸ್ ಪ್ಲಾನ್ ಬರೆಯಲಿಕ್ಕೆ ಈಗ ಬರುತ್ತದೆ. ಅಂಗಡಿ ಬಾಡಿಗೆಗೆ ಕೊಡುವವರು, ಸಾಲ ಕೊಡುವವರು ಮಾತ್ರ ಸಿಗಲಿಲ್ಲ" ಅಂತ ನಗುತ್ತಾ ಹೇಳುತ್ತಿದ್ದ.

ಅವನ ಮಾತು ಕೇಳುವಾಗ ನನಗೆ ನೆನಪಾದದ್ದು ನಮ್ಮ ಊರೇ. ಯಾಕೆಂದರೆ ಸುಮಾರು 170 ವರ್ಷದ ಹಿಂದೆ ಅದೇ ಸೀಮೆಯ ಜನ ನಮ್ಮ ಕರಾವಳಿಗೆ ಬಂದು ಹೆಚ್ಚುಕಡಿಮೆ ಇದೇ ಪ್ರಯೋಗ ಮಾಡಿದ್ದರು. ಬಾಸೆಲ್ ಮಿಷನ್ ಅಂದರೆ ನಮಗೆ ನೆನಪಾಗುವುದು 1843ರ 'ಮಂಗಳೂರ ಸಮಾಚಾರ', ಮೋಗ್ಲಿಂಗ್, ಕಿಟೆಲ್ ನಿಘಂಟು. ಮಿಷನ್ನಿನ ಕೇಂದ್ರ ಸ್ವಿಟ್ಜರ್‌ಲೆಂಡಿನ ಬಾಸೆಲ್, ಆದರೆ ಬಂದವರಲ್ಲಿ ಬಹಳಷ್ಟು ಮಂದಿ ಸ್ಟುಟ್‌ಗಾರ್ಟ್ ಸುತ್ತಲಿನ ವ್ಯೂರ್ಟೆಂಬರ್ಗ್ ಸೀಮೆಯವರು. 1834ರಲ್ಲಿ ಮೊದಲ ಮೂವರು ಮಂಗಳೂರಿಗೆ ಬಂದರು. 1850ರ ದಶಕದಲ್ಲಿ ಉಡುಪಿಯಲ್ಲೂ ಠಾಣೆ ಆಯಿತು. ನಿಘಂಟಿನ ಕಥೆ ಎಲ್ಲರೂ ಹೇಳುತ್ತಾರೆ. ನಾನು ಹೇಳಹೊರಟದ್ದು ಹಂಚಿನ ಕಥೆ.

ಅವರು ಕಾರ್ಖಾನೆ ಹಾಕಲೆಂದು ಬಂದವರಲ್ಲ. ಅದು ತಲೆಗೆ ಬಂದ ತಾಪತ್ರಯ. ಮತಾಂತರ ಆದವನಿಗೆ ಆ ಕಾಲದಲ್ಲಿ ಏನಾಗುತ್ತಿತ್ತು ಯೋಚಿಸಿ. ಅವನು ಧಣಿಯ ಗೇಣಿ ಒಕ್ಕಲು. ಧಣಿ ಏಳು ಅಂದರೆ ಜಾಗ ಹೋಯಿತು. ಕುಟುಂಬ ಹೊರಗೆ ಹಾಕಿತು. ಬಿಲ್ಲವರಾಗಿದ್ದರೆ ಮೂರ್ತೆ ಕಸುಬು, ಅಂದರೆ ಕಳ್ಳು ಇಳಿಸುವುದು. ಹೊಸ ಮತಕ್ಕೆ ಅದೂ ಆಗದು. ಊರು ಬಿಡದೆಯೇ ಮನುಷ್ಯ ವಲಸಿಗನಾಗಿಬಿಟ್ಟ. ಮನೆ, ಜಾತಿ, ಕಸುಬು ಮೂರೂ ಒಂದೇ ದಿನ ಕಳಕೊಂಡವರನ್ನು ಮಿಷನ್ ಸಾಕಬೇಕಾಯಿತು. ದಿನಾ ಗಂಜಿ ಬೇಯಿಸಿ ಹಾಕಲಿಕ್ಕೆ ಎಷ್ಟು ದಿನ ಆದೀತು?

ಹಾಗಾಗಿ ಶುರುವಾದದ್ದು ಕೈಗಾರಿಕಾ ತರಬೇತಿ. ಗದ್ದೆ ತೆಗೆದುಕೊಟ್ಟು ನೋಡಿದರು, ಪ್ರೆಸ್ಸು, ಬುಕ್ ಬೈಂಡಿಂಗ್, ಗಡಿಯಾರ ರಿಪೇರಿ ಪ್ರಯತ್ನಿಸಿದರು. ಗಟ್ಟಿಯಾಗಿ ನಿಂತದ್ದು ಎರಡು: ನೇಯ್ಗೆ ಮತ್ತು ಹಂಚು. 1851ರ ಹೊತ್ತಿಗೆ ಹಾಲರ್ ಎಂಬ ನೇಯ್ಗೆ ಪರಿಣತ ಬಂದ. ಯುರೋಪಿನ ಚೌಕಟ್ಟಿನ ಮಗ್ಗ, ಹಗ್ಗ ಎಳೆದರೆ ತಾನೇ ಓಡುವ ಲಾಳಿ ಬಂತು. ಖಾಕಿ ಬಣ್ಣ ಅವನದ್ದೇ ಅಂತ ಮಂಗಳೂರಿನವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. 1860ರ ದಶಕದಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿ, ಮೂಲತಃ ಯಂತ್ರದ ಕೆಲಸದವನು, ನೇತ್ರಾವತಿಯ ಜೇಡಿಮಣ್ಣಿನಲ್ಲಿ ಹಂಚು ಸುಟ್ಟು ನೋಡಿದ. ಮುಳಿಹುಲ್ಲಿನ ಮಾಡಿನ ಊರುಗಳು ಕೆಂಪು ಮಾಡಿನ ಊರುಗಳಾದವು. 1880ರ ದಶಕದಲ್ಲಿ ಉಡುಪಿಯ ಪಕ್ಕ ಮಲ್ಪೆಯಲ್ಲೂ ಮಿಷನ್ನಿನ ಹಂಚಿನ ಕಾರ್ಖಾನೆ ಎದ್ದಿತು. ಸರಕು ಮಾರಲು, ಯುರೋಪಿನಿಂದ ಯಂತ್ರ ತರಿಸಲು 1859ರಲ್ಲೇ ಬಾಸೆಲ್ಲಿನಲ್ಲಿ ಟ್ರೇಡಿಂಗ್ ಕಂಪನಿ ಆಗಿತ್ತು. ಷೇರುದಾರರಿಗೆ ಮಿತಿಯ ಲಾಭಾಂಶ, ಉಳಿದದ್ದು ಮಿಷನ್ ಕೆಲಸಕ್ಕೆ. ಈಗಿನವರು ಸೋಶಿಯಲ್ ಎಂಟರ್‌ಪ್ರೈಸ್ ಅಂತ ಪಿಪಿಟಿ ಮಾಡುವುದು ಇದನ್ನೇ.

ಅಂದರೆ ತರಬೇತಿ ಇತ್ತು, ತಂತ್ರಜ್ಞಾನ ಇತ್ತು, ಬಂಡವಾಳ ಇತ್ತು, ಕಡಲಾಚೆಯ ಮಾರುಕಟ್ಟೆಯೂ ಇತ್ತು. ಇನ್‌ಕ್ಯುಬೇಟರಿಗೆ ಇನ್ನೇನು ಬೇಕು?

ಒಂದು ಬೇಕಿತ್ತು, ಅದೇ ಇರಲಿಲ್ಲ. ಇಲ್ಲಿ ಕಲಿತವನು ನೇಕಾರನಾದ, ಅಚ್ಚಿನವನಾದ, ಹೆಚ್ಚೆಂದರೆ ಮೇಸ್ತ್ರಿಯಾದ. ಗಂಟೆ ಬಾರಿಸಿದಾಗ ಒಳಗೆ, ಗಂಟೆ ಬಾರಿಸಿದಾಗ ಹೊರಗೆ. ಕೂಲಿ ಸರಿಯಾಗಿ ಸಿಗುತ್ತಿತ್ತು, ಮಕ್ಕಳಿಗೆ ಶಾಲೆ ಇತ್ತು. ಧಣಿಯ ಅಂಗಳದಲ್ಲಿ ತಲೆಬಗ್ಗಿಸಿ ನಿಂತವನ ಮಗ ಪುಸ್ತಕ ಓದಿದ. ಅದು ಸಣ್ಣ ಸಂಗತಿ ಅಲ್ಲ ಮಾರಾಯ್ರೆ, ಯಾರೂ ತೆಗೆದುಹಾಕಬೇಡಿ. ಆದರೆ ಕಾರ್ಖಾನೆ ಮಾತ್ರ ಮಿಷನ್ನಿನದ್ದು.

ಇದರ ಬೆಲೆ ಗೊತ್ತಾದದ್ದು 1914ರಲ್ಲಿ. ಮಹಾಯುದ್ಧ ಶುರುವಾಯಿತು, ಜರ್ಮನ್ ಮಿಷನರಿಗಳು ಬ್ರಿಟಿಷರಿಗೆ ಶತ್ರುಗಳಾದರು. ಅವರನ್ನು ಹಿಡಿದು ಶಿಬಿರದಲ್ಲಿಟ್ಟರು, ಕಾರ್ಖಾನೆಗಳನ್ನು ಸರಕಾರ ತನ್ನ ಕೈಗೆ ತೆಗೆದುಕೊಂಡಿತು. ಕೊನೆಗೆ ಅವು ಲಂಡನ್ನಿನ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಗೆ ಹೋದವು. ಒಬ್ಬ ಯುರೋಪಿನವನ ಕೈಯಿಂದ ಇನ್ನೊಬ್ಬ ಯುರೋಪಿನವನ ಕೈಗೆ. ಅಷ್ಟು ವರ್ಷ ಮಣ್ಣು ತುಳಿದವರು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಹಾಗಾದರೆ ಆ ವಿದ್ಯೆಯಿಂದ ಮಾಲೀಕರಾದವರು ಯಾರೂ ಇಲ್ಲವೇ? ಇದ್ದಾರೆ, ಆದರೆ ಕಾಂಪೌಂಡಿನ ಹೊರಗೆ. ಮಿಷನ್ ಹಂಚು ಸುಡಲು ಶುರುಮಾಡಿ ಹೆಚ್ಚು ದಿನ ಆಗಿರಲಿಲ್ಲ, 1868ರಲ್ಲಿ ಮಂಗಳೂರಿನ ಅಲೆಕ್ಸ್ ಆಲ್ಬುಕರ್ಕ್ ಪೈ ಎಂಬವರು ತಮ್ಮದೇ ಹಂಚಿನ ಕಾರ್ಖಾನೆ ಹಾಕಿದರು. ಇವರು ಊರಿನ ಕ್ಯಾಥೊಲಿಕ್ ಸಮುದಾಯದವರು, ಮಿಷನ್ನಿನ ಶಿಷ್ಯರಲ್ಲ. ಆಮೇಲೆ ಬೇರೆಬೇರೆ ಸಮುದಾಯದವರು ನದಿದಂಡೆ ಉದ್ದಕ್ಕೂ ಕಾರ್ಖಾನೆ ಹಾಕಿದರು. ವಿದ್ಯೆ ಗೋಡೆ ಹಾರಿ ಹೋಯಿತು. ಆದರೆ ಗೋಡೆಯಾಚೆ ಯಾರ ಹತ್ತಿರ ಮೊದಲೇ ದುಡ್ಡಿತ್ತೋ ಅವರ ಕೈ ಸೇರಿತು. ದುಡ್ಡಿಲ್ಲದವನಿಗೆ ಉಳಿದದ್ದು ಕೂಲಿ.

ಈ ಅರ್ಧ ಕೆಲಸವನ್ನು ಪೂರ್ತಿ ಮಾಡಿದವರು ಉಡುಪಿಯವರೇ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಒಂದು ಬ್ಯಾಂಕು ಶುರುಮಾಡಿದರು. ಮೊದಲ ದಿನ ಬಂದದ್ದು 38 ರೂಪಾಯಿ 13 ಆಣೆ 2 ಪೈ. ಮುಂದೆ ಅದೇ ಕಾರ್ಪೊರೇಷನ್ ಬ್ಯಾಂಕ್. 1925ರಲ್ಲಿ ಕೈಮಗ್ಗದವರು ಕಂಗಾಲಾಗಿದ್ದಾಗ ವೈದ್ಯ ಟಿ.ಎಂ.ಎ. ಪೈ, ವ್ಯಾಪಾರಿ ಉಪೇಂದ್ರ ಪೈ, ಎಂಜಿನಿಯರ್ ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಇನ್ನೊಂದು ಕಟ್ಟಿದರು. ಅದು ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಪಿಗ್ಮಿ ಬಂತು. ದಿನಕ್ಕೆ ಎರಡಾಣೆ, ಏಜೆಂಟ್ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಮೀನು ಮಾರುವವಳ ಹೆಸರಿನಲ್ಲೂ ಒಂದು ಖಾತೆ, ಒಂದು ಪುಸ್ತಕ! ಹಂಚಿನ ಕಾರ್ಖಾನೆಯಲ್ಲಿ ಸಿಗದೆ ಹೋದದ್ದು ಇದೇ: ತನ್ನ ಹೆಸರಿನ ಒಂದು ಕಾಗದ.

ಟಿ.ಎಂ.ಎ. ಪೈಯವರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಮಾಡಿದಾಗ ಆರಂಭ ಕಸುಬಿನ ತರಬೇತಿಯಿಂದಲೇ; ಮಣಿಪಾಲದ ಮೆಡಿಕಲ್ ಕಾಲೇಜು ಬಂದದ್ದು 1953ರಲ್ಲಿ. ಶಿಕ್ಷಣ ಒಂದು ಕೈ, ಸಾಲ ಇನ್ನೊಂದು ಕೈ. ಎರಡೂ ಒಂದೇ ಊರಿನಲ್ಲಿ ಇತ್ತು ಅನ್ನುವುದೇ ಇಲ್ಲಿನ ಗುಟ್ಟು.

ಊರು ಬಿಟ್ಟು ಹೋದವರ ಕಥೆಯಲ್ಲೂ ಇದೇ ಗೆರೆ ಕಾಣುತ್ತದೆ. ಕಾರ್ಕಳದ ಕಡೆಯ ಕಡಂದಲೆಯಿಂದ ಮದ್ರಾಸಿಗೆ ಹೋದ ಕೃಷ್ಣರಾಯರು ಅಡುಗೆಮನೆಯ ಆಳಾಗಿ ಶುರುಮಾಡಿದವರು. ಅವರು ದುಡಿಯುತ್ತಿದ್ದ ಹೋಟೆಲನ್ನು ಕಂತಿನಲ್ಲಿ ದುಡ್ಡು ಕೊಡುವ ಮಾತಿನ ಮೇಲೆ ಅವರಿಗೇ ಬಿಟ್ಟುಕೊಟ್ಟರು. 1938ರ ಹೊತ್ತಿಗೆ ವುಡ್‌ಲ್ಯಾಂಡ್ಸ್ ಆಯಿತು. ಮುಂಬೈಯಲ್ಲಿ ಕಾಪು, ಉಡುಪಿ, ಕಾರ್ಕಳದ ಹುಡುಗರು ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು ರಾತ್ರಿ ಕೋಟೆ ಭಾಗದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಆ ಶಾಲೆಗಳನ್ನು ಕಟ್ಟಿದ್ದು ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ವಲಸಿಗರ ಸಂಘಗಳೇ. ಮಾಣಿಯಾಗಿ ಹೋದವನು ಪಾಲುದಾರನಾದ, ಆಮೇಲೆ ತನ್ನದೇ ಹೋಟೆಲಿಟ್ಟು ಊರಿನಿಂದ ಮತ್ತೊಬ್ಬ ಮಾಣಿಯನ್ನು ಕರೆಸಿಕೊಂಡ. ಎಲ್ಲರಿಗೂ ಹೀಗಾಗಲಿಲ್ಲ, ಬಹಳ ಮಂದಿ ಮಾಣಿಗಳಾಗಿಯೇ ಮುದುಕರಾದರು. ಆದರೂ ಮೇಲೆ ಹೋಗುವ ಏಣಿಯೊಂದು ಅಲ್ಲಿತ್ತು.

ನನ್ನ ಮನೆಯ ಲೆಕ್ಕವೂ ಹೀಗೆಯೇ. ನಮ್ಮ ಅಜ್ಜ ಕಾಪು ಹತ್ತಿರದ ಹಳ್ಳಿಯಲ್ಲಿ ಗೇಣಿ ಒಕ್ಕಲು. 1974ರ ಭೂಸುಧಾರಣೆಯಲ್ಲಿ, ನಮ್ಮ ಕಡೆಯವರು ಹೇಳುವ ಹಾಗೆ 'ಡಿಕ್ಲರೇಷನ್'ನಲ್ಲಿ, ಒಂದೆಕರೆ ಚಿಲ್ಲರೆ ಗದ್ದೆ ಅವರ ಹೆಸರಿಗಾಯಿತು. ಮೂವತ್ತು ವರ್ಷ ಕಳೆದು ಅದರ ಆರ್‌ಟಿಸಿ ಬ್ಯಾಂಕಿನಲ್ಲಿಟ್ಟೇ ಅಪ್ಪ ನನ್ನ ಬಿಇ ಫೀಸು ಕಟ್ಟಿದ್ದು. ಬುದ್ಧಿವಂತ ಹುಡುಗರು ನನ್ನ ಕ್ಲಾಸಿನಲ್ಲಿ ಬೇಕಾದಷ್ಟಿದ್ದರು. ಅಡ ಇಡಲು ಕಾಗದ ಇದ್ದವರು ಕಡಿಮೆ.

ಈಗ ಮಣಿಪಾಲದಲ್ಲಿ ಸ್ಟಾರ್ಟಪ್ ಇನ್‌ಕ್ಯುಬೇಟರ್ ಉಂಟು, ಯುರೋಪಿನ ಅಧ್ಯಯನಕ್ಕೇ ಒಂದು ಕೇಂದ್ರ ಉಂಟು. ಬ್ರಹ್ಮಾವರದ ರುಡ್‌ಸೆಟ್ ಹಳ್ಳಿ ಹುಡುಗ ಹುಡುಗಿಯರಿಗೆ ಪುಕ್ಕಟೆ ತರಬೇತಿ ಕೊಡುತ್ತದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕು ಸೇರಿ ಶುರುಮಾಡಿದ ಮಾದರಿ ಅದು. ಅಲ್ಲಿ ತರಬೇತಿಯ ಜೊತೆಗೆ ಬ್ಯಾಂಕೂ ಇತ್ತು ನೋಡಿ. ಉಡುಪಿಯ ಪಾಠ ಅವರಿಗೆ ಗೊತ್ತಿತ್ತು. ಉಡುಪಿಯಲ್ಲಿ ಹುಟ್ಟಿದ ಆ ಎರಡೂ ಬ್ಯಾಂಕುಗಳ ಬೋರ್ಡು ಮಾತ್ರ ಈಗಿಲ್ಲ. 2020ರ ಏಪ್ರಿಲ್ 1ರಂದು ಒಂದು ಕೆನರಾದೊಳಗೆ, ಇನ್ನೊಂದು ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು.

ನಮ್ಮಲ್ಲಿ ಬಹಳ ಮಂದಿ ಶನಿವಾರ ಮೆಂಟರಿಂಗ್‌ಗೆ ಹೋಗುತ್ತೇವೆ. ಬೀದರಿನಿಂದ, ಅಸ್ಸಾಮಿನಿಂದ ಬೆಂಗಳೂರಿಗೆ ಬಂದವರಿಗೆ ಎಕ್ಸೆಲ್ಲು, ಮಾರ್ಕೆಟಿಂಗು ಹೇಳಿಕೊಡುತ್ತೇವೆ. ಒಳ್ಳೆಯದೇ. ಮುಂದಿನ ಸಲ ಹೋದಾಗ ಆಯೋಜಕರನ್ನು ಒಂದು ಮಾತು ಕೇಳಿ: ಕೋರ್ಸ್ ಮುಗಿದ ಮೇಲೆ ಅಂಗಡಿಯ ಅಗ್ರಿಮೆಂಟ್ ಯಾರ ಹೆಸರಿನಲ್ಲಿರುತ್ತದೆ? ಮೊದಲ ಸಾಲಕ್ಕೆ ಜಾಮೀನು ಯಾರು? ಉತ್ತರ ಇಲ್ಲದಿದ್ದರೆ ಅದು ಒಳ್ಳೆಯ ಶಾಲೆ, ಅಷ್ಟೆ. ಕೆಂಪು ಹಂಚು ಅಲ್ಲಿಂದಲೂ ಬಂದೀತು. ಮಾಡು ಮಾತ್ರ ಬೇರೆಯವರದ್ದೇ ಆಗಿರುತ್ತದೆ.