ಏನನ್ನೂ ಹೊಂದದಿರುವ ಹಕ್ಕು

ಅರಸರಿಂದಲೋ ಗುರುಪೀಠಗಳಿಂದಲೋ ಜನರು ಸನ್ನದು ಬೇಡುವುದು ಏತಕ್ಕೆ? ಉಂಬಳಿಗಾಗಿ, ಮಾನ್ಯಕ್ಕಾಗಿ, ಕಂದಾಯದ ವಿನಾಯಿತಿಗಾಗಿ. ಮಧ್ಯಯುಗದ ಯುರೋಪಿನಲ್ಲಿಯೂ ಹೀಗೆಯೇ ಇತ್ತು. ಅಲ್ಲಿಯ ಕ್ರೈಸ್ತ ಮಠಗಳು ಜತನದಿಂದ ಕಾಪಾಡಿಕೊಂಡು ಬಂದ ಪತ್ರಗಳಲ್ಲಿ ಹೊಲ, ಗಿರಣಿ, ದ್ರಾಕ್ಷಿತೋಟಗಳ ಮಾತೇ ಹೆಚ್ಚು. ಅಂಥ ಕಾಲದಲ್ಲಿ ಒಬ್ಬ ಹೆಂಗಸು, ತನಗೂ ತನ್ನ ಸಂಗಡಿಗರಿಗೂ ಆಸ್ತಿಯೇ ಇಲ್ಲದಿರುವ ಹಕ್ಕನ್ನು ಬರೆದುಕೊಡಿರೆಂದು ಪೋಪರನ್ನು ಬೇಡಿ, ಅದಕ್ಕಾಗಿ ಬಾಳೆಲ್ಲ ಹಟ ಹಿಡಿದಳೆಂದರೆ ನೀವು ನಂಬುವಿರಾ?

ಇಟಲಿಯ ಅಸ್ಸಿಸಿ ಬೆಟ್ಟದ ಮೇಲಿನ ಊರು. ಅಲ್ಲಿಯ ಜವಳಿ ವ್ಯಾಪಾರಿಯ ಮಗ ಫ್ರಾನ್ಸಿಸ್ ತಂದೆಯ ಸಂಪತ್ತನ್ನು ತೊರೆದು ಹೊರಟ ಕಥೆ ಬಹಳ ಮಂದಿಗೆ ಗೊತ್ತು. ಆತನ ಮಾತಿಗೆ ಮನಸೋತ ಕ್ಲಾರಾ ಅದೇ ಊರಿನ ಶ್ರೀಮಂತ ಮನೆತನದ ಹುಡುಗಿ. 1212ರ ಗರಿಗಳ ಭಾನುವಾರದ ರಾತ್ರಿ ಆಕೆ ಮನೆ ಬಿಟ್ಟಳು. ತನ್ನ ಪಾಲಿಗೆ ಬಂದುದನ್ನು ಮಾರಿ ಬಡವರಿಗೆ ಹಂಚಿದಳು. ಆ ದಿನಗಳಲ್ಲಿ ಮಠ ಸೇರುವ ಹೆಣ್ಣಿಗೂ ಸಾಮಾನ್ಯವಾಗಿ ವರದಕ್ಷಿಣೆಯಂತೆಯೇ ಹಣವೋ ಭೂಮಿಯೋ ಕೊಟ್ಟು ಕಳುಹಿಸಬೇಕಾಗಿತ್ತು. ಕ್ಲಾರಾ ಕೈಬೀಸಿಕೊಂಡು ಬಂದವಳು. ಊರ ಹೊರಗಿನ ಸ್ಯಾನ್ ದಮಿಯಾನೋ ಎಂಬ ಪುಟ್ಟ ದೇವಾಲಯದ ಬಳಿ ಆಕೆ ನೆಲೆಸಿದಳು. ತಂಗಿ ಬಂದಳು, ಬಳಿಕ ತಾಯಿಯೂ ಬಂದಳು. 1238ರ ಒಂದು ಪತ್ರದಲ್ಲಿ ಅಲ್ಲಿಯ 50 ಮಂದಿ ಸೋದರಿಯರ ಹೆಸರುಗಳಿವೆ.

ಐವತ್ತು ಬಾಯಿಗಳು! ಇವರಿಗೆ ಊಟವೆಲ್ಲಿಂದ? ಪೋಪ್ ಒಂಬತ್ತನೆಯ ಗ್ರೆಗರಿಯವರ ಚಿಂತೆಯೂ ಇದೇ. ಅವರನ್ನು ಹಣದಾಸೆಯವರೆಂದು ತಿಳಿಯಬಾರದು. ಫ್ರಾನ್ಸಿಸನಿಗೆ ಅವರು ಆಪ್ತರಾಗಿದ್ದರು, ಕ್ಲಾರಾಳಲ್ಲಿಯೂ ಅವರಿಗೆ ಗೌರವವಿತ್ತು. ಗಂಡಸರಾದರೆ ಬೀದಿಗಿಳಿದು ಭಿಕ್ಷೆ ಬೇಡಿಯಾರು. ಮಠದ ಗೋಡೆಯೊಳಗಿನ ಹೆಂಗಸರು ಕ್ಷಾಮ ಬಂದಾಗ ಏನು ಮಾಡಬೇಕು? ಸ್ವಲ್ಪ ಭೂಮಿ ಇರಲಿ ಎಂದರು ಅವರು. ಸಂಸಾರ ಸಾಗಿಸುವ ನಾವೆಲ್ಲ ಇದನ್ನು ಒಪ್ಪುವ ಮಾತೇ. ಕ್ಲಾರಾ ಒಪ್ಪಲಿಲ್ಲ. ವ್ರತ ಅಡ್ಡವಾಗುವುದಾದರೆ ತಾವೇ ಅದರಿಂದ ಬಿಡುಗಡೆ ಕೊಡುವುದಾಗಿ ಪೋಪರು ಹೇಳಿದಾಗ, ತನಗೆ ಪಾಪಗಳಿಂದ ಬಿಡುಗಡೆ ಬೇಕೇ ಹೊರತು ಕ್ರಿಸ್ತನ ದಾರಿಯಿಂದಲ್ಲ ಎಂದಳಂತೆ. 1228ರ ಸೆಪ್ಟೆಂಬರಿನಲ್ಲಿ ಅವರು ಪತ್ರ ಬರೆದುಕೊಟ್ಟರು: ಈ ಸೋದರಿಯರು ಆಸ್ತಿಯನ್ನು ಸ್ವೀಕರಿಸಬೇಕೆಂದು ಯಾರೂ ಬಲವಂತಪಡಿಸಕೂಡದು. ಅದೇ ವರ್ಷದ ಜುಲೈಯಲ್ಲಿ, ಎರಡು ವರ್ಷದ ಹಿಂದೆ ತೀರಿಕೊಂಡಿದ್ದ ಫ್ರಾನ್ಸಿಸನ ಹೆಸರಿನಲ್ಲಿ ಅದೇ ಊರಿನಲ್ಲಿ ಭವ್ಯವಾದ ದೇವಾಲಯಕ್ಕೆ ಅಸ್ತಿವಾರದ ಕಲ್ಲು ಬಿದ್ದಿತ್ತು. ಇತಿಹಾಸಕ್ಕೆ ಇಂಥ ಕುಚೋದ್ಯಗಳು ಹೊಸವಲ್ಲ.

ಬಡತನವೇ ದೊಡ್ಡದೆಂದು ಆಕೆ ತಿಳಿದಿದ್ದಳೆ? ಹಾಗಲ್ಲವೆಂದು ತೋರಿಸುವ ಒಂದು ಸಂಗತಿ ಆಕೆಯ ಹಳೆಯ ಚರಿತ್ರೆಯಲ್ಲಿದೆ. ಫ್ರಾನ್ಸಿಸನ ಶಿಷ್ಯರು ಸೋದರಿಯರಿಗೆ ಭಿಕ್ಷೆ ತಂದುಕೊಡುತ್ತಿದ್ದರು, ಬೋಧನೆಯನ್ನೂ ಮಾಡುತ್ತಿದ್ದರು. 1230ರಲ್ಲಿ ಪೋಪರು ತಮ್ಮ ಅಪ್ಪಣೆಯಿಲ್ಲದೆ ಬೋಧಕರು ಅಲ್ಲಿಗೆ ಹೋಗಬಾರದೆಂದು ವಿಧಿಸಿದರು, ಭಿಕ್ಷೆಯವರಿಗೆ ಅಡ್ಡಿಯಿರಲಿಲ್ಲ. ಕ್ಲಾರಾ ಭಿಕ್ಷೆಯವರನ್ನೂ ಹಿಂದಕ್ಕೆ ಕಳುಹಿಸಿಬಿಟ್ಟಳು. ಆತ್ಮಕ್ಕೆ ಉಣಿಸುವವರು ಬರಕೂಡದೆಂದಾದರೆ ಒಡಲಿಗೆ ರೊಟ್ಟಿ ತರುವವರೂ ಬೇಡ! ಪೋಪರು ಕಟ್ಟಳೆಯನ್ನು ಸಡಿಲಿಸಬೇಕಾಯಿತು. ರೊಟ್ಟಿಯನ್ನು ಆಕೆ ಹೀನಯಿಸಲಿಲ್ಲ. ಎರಡರಲ್ಲಿ ಯಾವುದು ಮೊದಲು ಎಂಬುದರಲ್ಲಿ ಆಕೆಗೆ ಸಂದೇಹವಿರಲಿಲ್ಲ, ಅಷ್ಟೆ. ಚಕ್ರವರ್ತಿಯ ಸಂಬಂಧವನ್ನು ಒಲ್ಲೆನೆಂದು ಮಠ ಸೇರಿದ ಬೊಹೀಮಿಯಾದ ರಾಜಕುಮಾರಿ ಆಗ್ನೆಸಳಿಗೆ ಬರೆದ ಕಾಗದದಲ್ಲಿ, ಅಳಿಯುವುದನ್ನು ಕೊಟ್ಟು ಅಳಿಯದುದನ್ನು ಪಡೆಯುವುದು ಒಳ್ಳೆಯ ವಿನಿಮಯವೆಂದು ಆಕೆ ಹೇಳುತ್ತಾಳೆ. ವ್ಯಾಪಾರಿಗಳ ಊರಿನವಳಲ್ಲವೆ!

ಸುಮಾರು 28 ವರ್ಷ ಆಕೆ ಕಾಯಿಲೆಯಿಂದ ನರಳಿದಳು. ಹಾಸಿಗೆಯಲ್ಲಿ ಒರಗಿ ಕುಳಿತೇ ನೂಲು ತೆಗೆದು, ಸುತ್ತಲ ಬಡ ದೇವಾಲಯಗಳಿಗೆ ಪೂಜಾವಸ್ತ್ರಗಳನ್ನು ಮಾಡಿಸಿಕೊಟ್ಟಳು. 1252ರ ಕ್ರಿಸ್‌ಮಸ್ ರಾತ್ರಿ ಏಳಲಾರದೆ ಮಲಗಿದ್ದಾಗ, ದೂರದ ದೇವಾಲಯದ ಪೂಜೆ ಆಕೆಗೆ ಮಲಗಿದಲ್ಲಿಯೇ ಕಂಡು ಕೇಳಿಸಿತಂತೆ. ರೇಡಿಯೊ ಮುಂದೆ ಕೂರುವ ನಿಮಗೆ ಇದು ಸ್ವಾರಸ್ಯವೆನಿಸಬಹುದು: ಈ ಕಥೆಯನ್ನು ನೆನೆದೇ, 1950ರ ದಶಕದ ಕೊನೆಯಲ್ಲಿ, ಪೋಪ್ ಹನ್ನೆರಡನೆಯ ಪಯಸ್ ಆಕೆಯನ್ನು ಟೆಲಿವಿಷನ್ನಿನ ಪಾಲಕಸಂತಳೆಂದು ಸಾರಿದರು.

ಅಷ್ಟರಲ್ಲಿ ಕ್ಲಾರಾ ತನ್ನ ಮಠಕ್ಕೆ ತಾನೇ ನಿಯಮಾವಳಿಯನ್ನು ರಚಿಸಿದ್ದಳು. ಮಠದ ಏಕಾಂತಕ್ಕೆ ಬೇಕಾದಷ್ಟು ನೆಲವನ್ನು ಬಿಟ್ಟರೆ ಬೇರೆ ಭೂಮಿ ಕೂಡದು. ಅದರಲ್ಲಿಯೂ ತಮಗೆ ಬೇಕಾಗುವ ಕಾಯಿಪಲ್ಲೆಗಾಗಿ ಹೊರತು ಸಾಗುವಳಿ ಮಾಡಕೂಡದು. ಪೋಪ್ ನಾಲ್ಕನೆಯ ಇನೊಸೆಂಟರು ಅದನ್ನು ಅಂಗೀಕರಿಸಿದ್ದು 1253ರ ಆಗಸ್ಟ್ 9ರಂದು. ಆಕೆ ಕಣ್ಮುಚ್ಚಿದ್ದು 11ರಂದು.

ಆ ಮೂಲಪತ್ರ ಶತಮಾನಗಳ ಕಾಲ ಯಾರ ಕಣ್ಣಿಗೂ ಬೀಳದೆ, 1893ರಲ್ಲಿ ಕ್ಲಾರಾಳ ಉಡುಪಿನ ಮಡಿಕೆಯೊಳಗೆ ಸಿಕ್ಕಿತು. ಇದನ್ನು ಆಕೆ ಮತ್ತೆ ಮತ್ತೆ ಮುಟ್ಟಿ ಮುತ್ತಿಟ್ಟಳೆಂದು ಅದರ ಮೇಲೆ ಯಾರೋ ಬರೆದಿಟ್ಟಿದ್ದಾರೆ.